ಗೆರೆಯಿಲ್ಲದ ಗುಂಡಿಗಳು

ಮಹಲ್ಲಾ
ಜನವರಿ 14, 2024

ಮಗಳು ರಾವಿಯಾಳಿಗೆ,

ಗಾಬಿರ್‌ನ ಮೈಕ್ರೋಬಸ್ಸಿನಲ್ಲಿ ನೀನು ಕಳಿಸಿದ ಪೊಟ್ಟಣ ತಲುಪಿತು. ಅದಕ್ಕೆ ಸುತ್ತಿದ ಟೇಪು ಎರಡು ಬಗೆಯದಿತ್ತು, ಒಂದು ಕಂದು, ಒಂದು ಬಿಳಿ. ಒಂದೇ ಪೊಟ್ಟಣಕ್ಕೆ ಎರಡು ಟೇಪು ಯಾರು ಹಾಕುತ್ತಾರೆ? ದಾರಿಯಲ್ಲಿ ಯಾರೋ ಬಿಚ್ಚಿ ನೋಡಿ ಮತ್ತೆ ಅಂಟಿಸಿದ್ದಾರೆ. ಗಾಬಿರ್‌ನನ್ನು ಕೇಳಿದ್ದಕ್ಕೆ, "ಮೆತ್ವಲ್ಲಿ ಅಣ್ಣಾ, ನನ್ ಬಸ್ಸಲ್ಲಿ ಕೋಳಿ ಬಂದಿದೆ, ಗ್ಯಾಸ್ ಸಿಲಿಂಡರ್ ಬಂದಿದೆ, ನಮ್ಮತ್ತೆನೂ ಬಂದಿದ್ದಾಳೆ. ಯಾವುದರ ಗಂಟನ್ನೂ ಬಿಚ್ಚಿದೋನಲ್ಲ ನಾನು" ಎಂದು ಹಲ್ಲು ಕಿರಿದ. ಅಷ್ಟು ನಗುವಂಥದ್ದು ಏನಿತ್ತೋ ನನಗೆ ತಿಳಿಯಲಿಲ್ಲ.

ಈಗ ವಿಷಯಕ್ಕೆ ಬರುತ್ತೇನೆ. ನನ್ನ ಹಳೆಯ ಓರ್ಗ್ ವಾದ್ಯ ಸತ್ತ ಮೇಲೆ ಕೊಂಡ ಈ ಕೀಬೋರ್ಡು ಫರಂಗಿಯವರ ಹಾಡಿಗೆ ಮಾಡಿದ್ದು. ಬಿಳಿ ಕೀಲಿ, ಕರಿ ಕೀಲಿ, ನಡುವೆ ಏನೂ ಇಲ್ಲ. ನಮ್ಮ ಹಾಡಿನ ಜೀವ ಇರುವುದೇ ಆ ನಡುವಿನಲ್ಲಿ. ಆ ನಡುವೆ ಕೂರುವ ಸೀಕಾ ಸ್ವರ ಇಲ್ಲದೆ ಮದುವೆಯಲ್ಲಿ ಕೂತರೆ ಜನ ಕುರ್ಚಿ ಎಸೆಯುತ್ತಾರೆ. ಅದಕ್ಕೆ ನೀನೊಂದು ಪೆಟ್ಟಿಗೆ ಮಾಡಿಕೊಡುತ್ತೇನೆ ಎಂದೆ. ಐದು ಗುಂಡಿ ಇರುತ್ತವೆ, ತಿರುಗಿಸಿದರೆ ಐದು ಸ್ವರಗಳನ್ನು ಬೇಕಾದಷ್ಟು ಇಳಿಸಬಹುದು ಎಂದೆ. ನಾನು ಒಪ್ಪಿದೆ.

ಆದರೆ ಮಾದರಿಗೆಂದು ಕಳಿಸಿದ ಗುಂಡಿಗಳ ನೆತ್ತಿಯ ಮೇಲೆ ಬಿಳಿ ಗೆರೆ ಏಕಿದೆ? ಗುಂಡಿ ಎಲ್ಲಿಗೆ ತಿರುಗಿದೆ ಎಂದು ಮೂರನೆಯ ಸಾಲಿನಲ್ಲಿ ಕೂತವನಿಗೂ ಕಾಣುತ್ತದೆ. ಜೀಜೋ ಪ್ರತಿ ಮದುವೆಯಲ್ಲೂ ನನ್ನ ಬೆನ್ನ ಹಿಂದೆಯೇ ಸುಳಿಯುತ್ತಾನೆ. ನಾನೇ ಕಲಿಸಿದ ಹುಡುಗ, ಈಗ ಕಣ್ಣಲ್ಲೇ ಫೋಟೋ ತೆಗೆಯುತ್ತಾನೆ. ನಮ್ಮ ಮನೆಯ ಸೀಕಾ ಬೇರೆಯವರದಕ್ಕಿಂತ ಕೂದಲೆಳೆಯಷ್ಟು ತಗ್ಗು ಎಂಬುದು ಅವನಿಗೆ ಗೊತ್ತು. ಎಷ್ಟು ತಗ್ಗು ಎಂಬುದು ಗೊತ್ತಿಲ್ಲ. ಗೆರೆ ಇಲ್ಲದ, ನೋಡಿದರೆ ಏನೂ ತಿಳಿಯದ ಗುಂಡಿ ಬೇಕು.

ಫೋನು ಮಾಡಬೇಡ. ವಾಟ್ಸಾಪೂ ಬೇಡ, ನಿನ್ನ ಫೋನು ಯಾರ ಕೈಯಲ್ಲಿರುತ್ತದೋ ನನಗೇನು ಗೊತ್ತು? ಬರೆದು ಪೊಟ್ಟಣದೊಳಗೆ ಇಡು.

ಕಣ್ಣು ಮುಚ್ಚದ ನಿನ್ನ ಅಪ್ಪ,
ಮೆತ್ವಲ್ಲಿ


ಕೈರೋ
ಜನವರಿ 27

ಅಪ್ಪಾ,

ಎರಡು ಟೇಪು ಹಾಕಿದ್ದು ನಾನೇ. ಕಂದು ಟೇಪು ಅರ್ಧಕ್ಕೇ ಮುಗಿಯಿತು. ಅಷ್ಟೇ ಕಥೆ.

"ನಿನ್ನ ಫೋನು ಯಾರ ಕೈಯಲ್ಲಿ" ಎಂದು ಸುತ್ತಿ ಬಳಸಿ ಬರೆದಿದ್ದೀರಿ. ರಮ್ಜಿ ಎಂದೇ ಬರೆಯಬಹುದಿತ್ತು. ಹೌದು, ನನ್ನ ಗಂಡ ಕೆಲಸ ಮಾಡುವ ಸ್ಟುಡಿಯೋದಲ್ಲಿ ಜೀಜೋ ಹಾಡು ರೆಕಾರ್ಡು ಮಾಡಿಸುತ್ತಾನೆ. ಅಲ್ಲಿಗೆ ಇನ್ನೂ ನೂರು ಜನ ಬರುತ್ತಾರೆ. ರಮ್ಜಿ ಧ್ವನಿ ಹೊಂದಿಸಿ ಕೊಡುತ್ತಾರೆ, ಮನೆಗೆ ಬಂದು ಊಟ ಮಾಡಿ ಮಲಗುತ್ತಾರೆ. ನಿಮ್ಮ ಸೀಕಾ ಕದಿಯುವಷ್ಟು ಬಿಡುವು ಅವರಿಗಿದ್ದಿದ್ದರೆ ನಮ್ಮ ಮನೆಯ ನಲ್ಲಿ ಎಂದೋ ರಿಪೇರಿಯಾಗುತ್ತಿತ್ತು.

ಗುಂಡಿಯ ವಿಷಯ ಹೇಳುತ್ತೇನೆ, ತಾಳ್ಮೆಯಿಂದ ಓದಿ. ನಾನು ಕಳಿಸಿದ್ದು ಪೊಟೆನ್ಶಿಯೋಮೀಟರ್. ರೇಡಿಯೋದ ವಾಲ್ಯೂಮ್ ಗುಂಡಿಯ ಒಳಗಿರುವುದು ಅದೇ. ಒಂದು ಕೊನೆಯಿಂದ ಇನ್ನೊಂದು ಕೊನೆಗೆ ತಿರುಗಿ ನಿಲ್ಲುತ್ತದೆ. ಬಿಟ್ಟ ಜಾಗದಲ್ಲೇ ಇರುತ್ತದೆ, ಕರೆಂಟು ಹೋಗಿ ಬಂದರೂ ಅಲ್ಲೇ ಇರುತ್ತದೆ. ಅಗ್ಗದ್ದಾದರೆ ಸ್ವಲ್ಪ ದಿನಕ್ಕೆ ಒಳಗಿನ ಪಟ್ಟಿ ಸವೆದು ಕರಕರ ಎನ್ನುತ್ತದೆ, ಅದೊಂದೇ ದೋಷ. ನೀವು ಕೇಳುತ್ತಿರುವುದು ಎನ್‌ಕೋಡರ್. ಅದಕ್ಕೆ ಮೊದಲೂ ಇಲ್ಲ, ಕೊನೆಯೂ ಇಲ್ಲ, ಟಿಕ್ ಟಿಕ್ ಎಂದು ಸುತ್ತುತ್ತಲೇ ಇರುತ್ತದೆ. ಎಷ್ಟು ಹಲ್ಲು ಸರಿಯಿತು ಎಂದು ಮಾತ್ರ ಬೋರ್ಡಿಗೆ ಹೇಳುತ್ತದೆ. ಹೊರಗಿನಿಂದ ನೋಡಿದವರಿಗೆ ಏನೂ ತಿಳಿಯುವುದಿಲ್ಲ, ನಿಜ. ಕತ್ತಲ ಸ್ಟೇಜಿನಲ್ಲಿ ನಿಮಗೂ ತಿಳಿಯುವುದಿಲ್ಲ.

ಬೆಲೆಯೂ ನಾಲ್ಕು ಪಟ್ಟು. ಬಾಬ್ ಅಲ್‌ಲೂಕ್ ಪೇಟೆಯ ಅಂಗಡಿಯವನನ್ನು "ಇದು ಜಪಾನಿನದಾ?" ಎಂದು ಕೇಳಿದೆ. "ಹೆಸರು ಜಪಾನಿಂದು, ಹೊಟ್ಟೆ ಚೀನಾದ್ದು, ಬೆಲೆ ಮಾತ್ರ ಡಾಲರಿಂದು ತಾಯಿ. ಬೆಳಿಗ್ಗೆ ಬಂದಿದ್ರೆ ಕಮ್ಮಿ ಇತ್ತು" ಎಂದ. ಕೊನೆಗೆ ಹಳೆಯ ಕಾರುಗಳಿಂದ ಕಿತ್ತ ಸ್ಟೀರಿಯೋಗಳ ರಾಶಿ ತೋರಿಸಿದ. ಅವುಗಳ ಗುಂಡಿಯ ಹಿಂದೆ ಒಳ್ಳೆಯ ಎನ್‌ಕೋಡರ್ ಇರುತ್ತದೆ, ಕಿತ್ತುಕೊಳ್ಳಬೇಕು. ನಾನು ಲಿಫ್ಟಿನ ಬೋರ್ಡುಗಳನ್ನು ರಿಪೇರಿ ಮಾಡುವವಳು, ಕೀಳುವುದು ಕಷ್ಟವಲ್ಲ. ಆದರೂ ನನ್ನ ಮಾತು ಕೇಳಿ, ಪೊಟೆನ್ಶಿಯೋಮೀಟರೇ ಇರಲಿ. ಗೆರೆ ಬೇಡವಾದರೆ ಅಳಿಸಿ ಕೊಡುತ್ತೇನೆ.

ನಿಮ್ಮ ಧ್ವನಿ ಕೇಳಿ ಎಷ್ಟು ತಿಂಗಳಾಯಿತು. ಫೋನಿನಲ್ಲಿ ನನ್ನನ್ನು ಬೈದರೂ ಸಾಕು.

ನಿಮ್ಮ
ರಾವಿಯಾ


ಮಹಲ್ಲಾ
ಫೆಬ್ರವರಿ 10

ರಾವಿಯಾ,

ಗೆರೆ ಅಳಿಸಿದರೂ ಗುಂಡಿ ತಿರುಗಿಸಿ ಎಲ್ಲಿ ಬಂದು ನಿಲ್ಲುತ್ತದೆ ಎಂದು ನೋಡಿದರೆ ಲೆಕ್ಕ ಸಿಕ್ಕಿತಲ್ಲ? ನನ್ನನ್ನೇನು ಸಣ್ಣ ಮಗು ಅಂದುಕೊಂಡೆಯಾ? ಎನ್‌ಕೋಡರೇ ಹಾಕು. ಕಾರಿನಿಂದ ಕಿತ್ತದ್ದಾದರೂ ಸರಿ.

ನೀನು ಪತ್ರದ ಜೊತೆ ಕಳಿಸಿದ ಚಿತ್ರದಲ್ಲಿ ಪೆಟ್ಟಿಗೆಯ ಮೇಲೆ ಒಂದು ಚಿಕ್ಕ ಪರದೆ ಇದೆ, ಅದರಲ್ಲಿ ಅಂಕಿ ಬರುತ್ತದಂತೆ. ಅದನ್ನು ಕಿತ್ತುಹಾಕು. ಇನ್ನೊಂದು ಮಾತು. ಒಳಗೆ ಮೆಮೊರಿ ಇಟ್ಟು ಸ್ವರಗಳ ಲೆಕ್ಕ ಉಳಿಸುತ್ತೇನೆ ಎಂದು ಚಿತ್ರದ ಕೆಳಗೆ ಬರೆದಿದ್ದೆ. ಬೇಡ. ಮೆಮೊರಿ ಇದ್ದ ಕಡೆ ವೈರು ಸಿಕ್ಕಿಸಿ ಓದುವವರೂ ಇರುತ್ತಾರೆ. ನನ್ನ ಸ್ವರವನ್ನು ನಾನೇ ಪ್ರತಿಸಲ ಕಿವಿಯಿಂದ ಕೂರಿಸಿಕೊಳ್ಳುತ್ತೇನೆ. ನಲವತ್ತು ವರ್ಷ ಮಾಡಿದ್ದೇ ಅದನ್ನು.

ನಮ್ಮ ಹಾಡುಗಾರ ಅರಫಾ ಮೊನ್ನೆ ಚಹದಂಗಡಿಯಲ್ಲಿ ಎಲ್ಲರೆದುರು, "ಮೆತ್ವಲ್ಲಿ, ಈದ್ ಆದ್ಮೇಲೆ ಸಾಲುಸಾಲು ಮದುವೆ ಇದೆ. ನಿನ್ ವಾದ್ಯ ಸರಿ ಹೋಗ್ಲಿಲ್ಲಾಂದ್ರೆ ಜೀಜೋನ ಕೂರಿಸ್ಕೊಂಡು ಹಾಡ್ತೀನಿ, ಬೇಜಾರು ಮಾಡ್ಕೋಬೇಡ" ಎಂದ. ಅವನು ಮೊದಲ ಸಲ ಮದುವೆಯೊಂದರಲ್ಲಿ ಹಾಡಿದಾಗ ಓರ್ಗ್ ನುಡಿಸಿದವನು ನಾನು. ನಾನಿಲ್ಲದಿದ್ದರೆ ಅವನು ಇಂದಿಗೂ ಈರುಳ್ಳಿ ಮಾರುತ್ತಿದ್ದ. ಜೀಜೋ ಅವನ ಕಿವಿ ಊದಿದ್ದಾನೆ, ಅದರಲ್ಲಿ ನನಗೆ ಅನುಮಾನವಿಲ್ಲ. ಜೀಜೋನ ಕಿವಿ ಊದಿದವರು ಯಾರು ಎಂಬುದಷ್ಟೇ ಉಳಿದಿರುವ ಪ್ರಶ್ನೆ.

ಬೇಗ ಕಳಿಸು.

ಅಪ್ಪ


ಕೈರೋ
ಮಾರ್ಚ್ 20

ಅಪ್ಪಾ,

ರಂಜಾನಿನ ಶುಭಾಶಯಗಳು. ಪೆಟ್ಟಿಗೆ ಕಳಿಸಿದ್ದೇನೆ, ಜೊತೆಗೆ ಸ್ವಲ್ಪ ಕತಾಯೆಫ್ ಸಿಹಿತಿಂಡಿ. ಟೇಪು ಒಂದೇ ಬಗೆಯದು, ನೋಡಿಕೊಳ್ಳಿ.

ಮೊದಲು ಅಂಗಡಿಯ ಅಗ್ಗದ ಎನ್‌ಕೋಡರ್‌ಗಳನ್ನೇ ಹಾಕಿದ್ದೆ. ಒಂದು ಹಲ್ಲು ತಿರುಗಿಸಿದರೆ ಎರಡು ಎಣಿಸುತ್ತಿದ್ದವು, ಕೆಲವೊಮ್ಮೆ ಹಿಂದಕ್ಕೂ ಓಡುತ್ತಿದ್ದವು. ಕಿತ್ತೆಸೆದೆ. ಈಗ ಇರುವ ಐದೂ ಕಾರಿನ ಸ್ಟೀರಿಯೋಗಳಿಂದ ತೆಗೆದವು, ಒಂದೊಂದಕ್ಕೂ ಪುಟ್ಟ ಕೆಪಾಸಿಟರ್ ಕೊಟ್ಟಿದ್ದೇನೆ. ಒಂದು ಹಲ್ಲಿಗೆ ಒಂದೇ ಎಣಿಕೆ. ಗೆರೆ ಇಲ್ಲ, ಪರದೆ ಇಲ್ಲ, ಮೆಮೊರಿ ಇಲ್ಲ. ಆದ್ದರಿಂದ ಮತ್ತೊಮ್ಮೆ ಹೇಳುತ್ತೇನೆ. ಕರೆಂಟು ಒಂದು ಕ್ಷಣ ಹೋದರೂ ಐದು ಸ್ವರಗಳೂ ಸೊನ್ನೆಗೆ ಬಂದು ಕೂರುತ್ತವೆ, ಫರಂಗಿ ಕೀಬೋರ್ಡೇ ಆಗಿಬಿಡುತ್ತದೆ. ದೀಪದ ಕಂಬದಿಂದ ವೈರು ಎಳೆದು ಮದುವೆ ಮಾಡುವ ನಮ್ಮ ಬೀದಿಗಳಲ್ಲಿ ಇದು ಆಗದೇ ಇರುವುದಿಲ್ಲ. ನಾನು ಹೇಳಿದ್ದೇನೆ, ಆಮೇಲೆ ನನ್ನನ್ನು ಬೈಯುವಂತಿಲ್ಲ.

ಗಾಬಿರ್ ಮಾಮ ಮೊನ್ನೆ ಪೊಟ್ಟಣ ಸಿದ್ಧವಾಯಿತೇ ಎಂದು ಕೇಳಲು ಬಂದಾಗ ಮುಖ ಸಣ್ಣ ಮಾಡಿಕೊಂಡಿದ್ದರು. "ನಿಮ್ಮಪ್ಪನಿಗೆ ನನ್ ಮೇಲೆ ಯಾಕಮ್ಮ ಸಿಟ್ಟು? ಬೆನ್ನ ಹಿಂದೇನೇ ಹಾರನ್ ಹೊಡೆದೆ, ಹೆಸರು ಹಿಡಿದು ಕರೆದೆ, ತಿರುಗಿ ಕೂಡ ನೋಡ್ಲಿಲ್ಲ ಮಾರಾಯ್ತಿ" ಎಂದರು. ಅಪ್ಪಾ, ಎರಡು ಟೇಪಿಗಾಗಿ ಇಷ್ಟೊಂದು ಬಿಗುಮಾನವೇ? ಅವರು ದುಡ್ಡು ತೆಗೆದುಕೊಳ್ಳದೆ ಪೊಟ್ಟಣ ತರುತ್ತಾರೆ.

ನಿಜ ಹೇಳಲೇ? ನನಗೂ ಅನುಮಾನ ಶುರುವಾಗಿದೆ. ಪರದೆ ಬೇಡ, ಮೆಮೊರಿ ಬೇಡ, ಫೋನು ಬೇಡ. ನೀವು ಏನನ್ನೋ ಬಚ್ಚಿಡುತ್ತಿದ್ದೀರಿ, ಅದು ಸೀಕಾ ಮಾತ್ರ ಅಲ್ಲ ಎನಿಸುತ್ತಿದೆ. ಸಾಲಗೀಲ ಮಾಡಿಕೊಂಡಿದ್ದೀರಾ? ಪೆಟ್ಟಿಗೆಯನ್ನು ಯಾರಿಗಾದರೂ ಮಾರುವ ಯೋಚನೆ ಇದೆಯೇ?

ರಾವಿಯಾ


ಮಹಲ್ಲಾ
ಏಪ್ರಿಲ್ 19

ರಾವಿಯಾ,

ಪೆಟ್ಟಿಗೆ ಮಾರುತ್ತೇನಂತೆ! ಮಗಳ ಕೈಕೆಲಸವನ್ನು ಮಾರಿ ತಿನ್ನುವ ಗತಿ ಇನ್ನೂ ಬಂದಿಲ್ಲ. ಆದರೆ ಈ ಪೆಟ್ಟಿಗೆಯನ್ನು ಹಿಂದಕ್ಕೆ ಕಳಿಸುತ್ತಿದ್ದೇನೆ. ಒಳಗೆ ಏನೋ ಇದೆ.

ಮಧ್ಯಾಹ್ನ ಮನೆಯಲ್ಲಿ ಕೂತು ಸೀಕಾ ಕೂರಿಸುತ್ತೇನೆ. ನನ್ನ ಅಪ್ಪನ ಕಾಲದ ಸೀಕಾ, ಕಣ್ಣಲ್ಲಿ ನೀರು ಬರುವಂತೆ ಕೂರುತ್ತದೆ. ಮೇಲೆದ್ದು ಕಿಟಕಿ ಮುಚ್ಚಿ ತಿರುಗಿದರೆ ಅದೇ ಸ್ವರ ಮೇಲೇರಿರುತ್ತದೆ. ಗುಂಡಿ ಮುಟ್ಟಿಲ್ಲ, ಯಾರೂ ಬಂದಿಲ್ಲ. ಇಳಿಸುತ್ತೇನೆ. ಸ್ಟೇಜಿನಲ್ಲಿ ಡೋಲಿನವನ ಕಡೆ ತಿರುಗಿ ಒಂದು ಮಾತಾಡಿ ಮತ್ತೆ ನುಡಿಸಿದರೆ ಕೆಳಗೆ ಬಿದ್ದಿರುತ್ತದೆ. ಈದ್ ಮುಗಿದ ಮೇಲಿನ ಮೊದಲ ಮದುವೆಯಲ್ಲಿ ಅರಫಾ ಎರಡು ಸಲ ನನ್ನ ಕಡೆ ನೋಡಿದ. ಆ ನೋಟ ನನಗೆ ಗೊತ್ತು.

ಕಾರಿನಿಂದ ಕಿತ್ತ ಮಾಲು ಎಂದೆ. ಯಾವ ಕಾರು, ಯಾರ ಕಾರು? ಅದರಲ್ಲಿ ದೂರದಿಂದ ತಿರುಗಿಸುವ ಉಪಾಯ ಏನಾದರೂ ಇದೆಯೇ? ಟೀವಿಯನ್ನು ರಿಮೋಟಿನಿಂದ ತಿರುಗಿಸುವುದಿಲ್ಲವೇ? ನಿನ್ನ ಮೇಲೆ ನನಗೆ ಅನುಮಾನವಿಲ್ಲ. ಆದರೆ ನೀನು ಮಲಗಿದ ಮೇಲೆ ನಿನ್ನ ಕೆಲಸದ ಮೇಜಿನ ಮುಂದೆ ಯಾರು ಕೂರುತ್ತಾರೆ ಎಂದು ನಿನಗೆ ಗೊತ್ತೇ?

ಅಪ್ಪ


ಕೈರೋ
ಏಪ್ರಿಲ್ 30

ಅಪ್ಪಾ,

ಪೆಟ್ಟಿಗೆ ಬಿಚ್ಚಿದೆ. ಸ್ವರ ಅಳೆಯುವ ಯಂತ್ರ ಪಕ್ಕದಲ್ಲಿಟ್ಟು ಮೂರು ಹಗಲು ಹಾಗೇ ಬಿಟ್ಟೆ. ಐದು ಸ್ವರಗಳಲ್ಲಿ ಒಂದೂ ಕೂದಲೆಳೆಯಷ್ಟು ಅಲುಗಲಿಲ್ಲ. ಒಳಗೆ ರೇಡಿಯೋ ಇಲ್ಲ, ರಿಮೋಟ್ ಇಲ್ಲ, ನನ್ನ ಗಂಡನೂ ಇಲ್ಲ.

ನಾಲ್ಕು ಸ್ಕ್ರೂಗಳ ತಲೆಗೂ ನನ್ನ ಕೆಂಪು ಉಗುರುಬಣ್ಣ ಹಚ್ಚಿದ್ದೇನೆ. ಯಾರಾದರೂ ಬಿಚ್ಚಿದರೆ ಬಣ್ಣ ಒಡೆಯುತ್ತದೆ. ಲಿಫ್ಟಿನ ಕೆಲಸದಲ್ಲಿ ಹೀಗೇ ಮಾಡುತ್ತೇವೆ. ಪರರನ್ನು ನಂಬದವರಿಗಾಗಿ ಇರುವ ಪದ್ಧತಿ ಇದು. ಹೆತ್ತಪ್ಪನಿಗಾಗಿ ಹಚ್ಚಬೇಕಾಗುತ್ತದೆ ಎಂದುಕೊಂಡಿರಲಿಲ್ಲ.

ನಿಮಗೆ ಪೆಟ್ಟಿಗೆ ಬೇಕೋ, ರಮ್ಜಿ ಕಳ್ಳ ಎಂಬ ಸಾಕ್ಷಿ ಬೇಕೋ? ನನ್ನ ಮದುವೆಗೆ ಬಂದು ಅತಿಥಿಗಳ ಹಾಗೆ ಕುರ್ಚಿಯಲ್ಲಿ ಕೂತಿರಿ. ಕಂಡವರ ಮಕ್ಕಳ ಮದುವೆಗೆಲ್ಲ ನುಡಿಸಿದವರು ಸ್ವಂತ ಮಗಳ ಮದುವೆಯಲ್ಲಿ "ವಾದ್ಯ ಕೆಟ್ಟಿದೆ" ಎಂದಿರಿ. ಅವತ್ತೇ ನನಗೆ ಅರ್ಥವಾಯಿತು. ನನ್ನ ಗಂಡನನ್ನು ನೀವು ಯಾವತ್ತೂ ಮನೆಯವನು ಎಂದುಕೊಳ್ಳಲಿಲ್ಲ. ಆ ನೋವು ಇನ್ನೂ ಆರಿಲ್ಲ ಅಪ್ಪಾ.

ಇನ್ನು ರಿಪೇರಿಗೆ ಕಳಿಸಬೇಡಿ.

ರಾವಿಯಾ


ಮಹಲ್ಲಾ
ಮೇ 18

ರಾವಿಯಾ,

ಉಗುರುಬಣ್ಣ ಒಡೆದಿಲ್ಲ. ಭೂತಗನ್ನಡಿ ಹಿಡಿದು ನೋಡಿದೆ.

ಗುರುವಾರ ನೂಲಿನ ಗಿರಣಿಯ ಹಿಂದಿನ ಬೀದಿಯಲ್ಲಿ ಮದುವೆಯಿತ್ತು. ಮೊದಲ ಎರಡು ಹಾಡು ಹೇಗೋ ದಾಟಿದವು. ಮೂರನೆಯದರ ನಡುವೆ ಕರೆಂಟು ಹೋಯಿತು. ಹೆಂಗಸರು ಸಿಳ್ಳೆ ಹಾಕಿದರು, ಯಾರೋ ಕಂಬಕ್ಕೆ ಹತ್ತಿದ, ದೀಪ ಬಂತು. ನಿನ್ನ ಪೆಟ್ಟಿಗೆ ಬರಿದಾಗಿತ್ತು. ಅರಫಾ ಬಯಾತಿ ರಾಗ ಹಿಡಿದು ನಿಂತಿದ್ದ, ನಾನು ಗುಂಡಿ ತಿರುಗಿಸಿ ಸೀಕಾ ಕೂರಿಸಿದೆ. ಸರಿಯಾಗಿ ಕೂತಿತು ಎಂದುಕೊಂಡೆ. ನುಡಿಸಿದೆ. ಅರಫಾ ಹಾಡು ನಿಲ್ಲಿಸಿ ಮೈಕಿನಲ್ಲೇ, "ಉಸ್ತಾದ್, ಮದುಮಗಳ ಅಮ್ಮನೂ ಇಷ್ಟು ಅಪಸ್ವರದಲ್ಲಿ ಅಳಲ್ಲ!" ಎಂದ. ಬೀದಿಯೆಲ್ಲ ನಕ್ಕಿತು. ಜೀಜೋ ಅಲ್ಲೇ ಇದ್ದ, ಎಲ್ಲಿ ಇರುವುದಿಲ್ಲ ಅವನು? ತನ್ನ ಕೀಬೋರ್ಡು ತಂದು ನನ್ನ ಜಾಗದಲ್ಲಿ ಇಟ್ಟ. ನಾನು ವೈರು ಸುತ್ತಿಕೊಂಡು ಮನೆಗೆ ನಡೆದೆ.

ಕರೆಂಟು ಹೋದರೆ ಎಲ್ಲ ಸೊನ್ನೆಯಾಗುತ್ತದೆ ಎಂದು ನೀನು ಮಾರ್ಚಿನಲ್ಲೇ ಬರೆದಿದ್ದೆ. ಮೊದಲೇ ಗೊತ್ತಿತ್ತು ಎಂದರೆ ಏನರ್ಥ? ಯೋಚಿಸುತ್ತಿದ್ದೇನೆ.

ಜೂನ್ ಆರರಂದು ದರ್ಜಿಯ ಮಗಳ ಮದುವೆ. ಅರಫಾ ಹಳೆಯ ಋಣಕ್ಕೆ ಅದೊಂದನ್ನು ನನಗೆ ಬಿಟ್ಟಿದ್ದಾನೆ. ಅಲ್ಲೂ ಹೀಗೇ ಆದರೆ ಇನ್ನು ಕರೆಯುವುದಿಲ್ಲ ಎಂದು ಹೇಳಿ ಕಳಿಸಿದ್ದಾನೆ. ನಿಮಗೆಲ್ಲ ಸಮಾಧಾನವಾಯಿತಲ್ಲ?

ಮೆತ್ವಲ್ಲಿ


ಕೈರೋ
ಮೇ 23

ಅಪ್ಪಾ,

ಆ ಮದುವೆಯ ವಿಡಿಯೋ ನಿಮ್ಮ ಪತ್ರಕ್ಕಿಂತ ಮೊದಲೇ ನನಗೆ ತಲುಪಿತ್ತು. ಮತ್ತೆ ಮತ್ತೆ ನೋಡಿದೆ. ಮೊದಲು ಅರಫಾನ ಮೇಲೆ ಸಿಟ್ಟು ಬಂತು, ಆಮೇಲೆ ಅಳು ಬಂತು.

ಕರೆಂಟು ಬಂದ ಮೇಲೆ ನೀವು ಗುಂಡಿ ತಿರುಗಿಸುವುದು ಅದರಲ್ಲಿ ಕಾಣುತ್ತದೆ. ಎಡಗಿವಿಯನ್ನು ಸ್ಪೀಕರಿನ ಕಡೆ ಕೊಟ್ಟು ಕೇಳುತ್ತೀರಿ, ತಿರುಗಿಸುತ್ತೀರಿ. ಆಮೇಲೆ ಬಲಗಿವಿ ಕೊಡುತ್ತೀರಿ, ಮುಖ ಗಂಟಿಕ್ಕಿ ಮತ್ತೆ ತಿರುಗಿಸುತ್ತೀರಿ. ಮತ್ತೆ ಎಡಗಿವಿ. ಸ್ವರ ಓಡುತ್ತಿಲ್ಲ ಅಪ್ಪಾ. ನಿಮ್ಮ ತಲೆ ತಿರುಗಿದ ಹಾಗೆ ಅದು ನಿಮಗೆ ಬೇರೆಯಾಗಿ ಕೇಳುತ್ತಿದೆ.

ಇದನ್ನು ಮೊದಲು ಕಂಡದ್ದು ರಮ್ಜಿ. ನೀವು ಅನುಮಾನಿಸುವ ಅದೇ ರಮ್ಜಿ. ವಿಡಿಯೋ ನೋಡಿ ನಗಲಿಲ್ಲ. ಮತ್ತೊಮ್ಮೆ ಹಾಕಿ ನೋಡಿ, "ಮಾವ ಸ್ಟೇಜಲ್ಲಿ ಯಾವಾಗ್ಲೂ ಸ್ಪೀಕರನ್ನ ಎಡಗಡೇನೇ ಇಟ್ಕೋತಾರಲ್ವಾ?" ಎಂದು ಕೇಳಿದರು. ಹೌದು ಎಂದೆ. "ಸದ್ದಿನ ಮಧ್ಯೆ ಕೆಲಸ ಮಾಡೋ ನಮ್ಮಂಥೋರಿಗೆ ಬರೋದೇ ಇದು ರಾವಿಯಾ. ಒಂದೇ ಸ್ವರ ಒಂದು ಕಿವಿಗೆ ಒಂಥರಾ, ಇನ್ನೊಂದಕ್ಕೆ ಇನ್ನೊಂಥರಾ. ನಮ್ಮ ಸ್ಟುಡಿಯೋದ ಯಜಮಾನರಿಗೂ ಬಂತು. ಯಾರಿಗೂ ಹೇಳ್ಲಿಲ್ಲ ಅವರು, ಒಬ್ಬೊಬ್ಬರನ್ನೇ ಬೈಕೊಂಡು ಎಲ್ಲರನ್ನೂ ಕಳ್ಕೊಂಡ್ರು" ಎಂದರು. ರಮ್ಜಿ ಜೀಜೋಗೆ ಒಂದಕ್ಷರ ಹೇಳಿಲ್ಲ, ಹೇಳುವುದೂ ಇಲ್ಲ.

ಅದಕ್ಕೇ ಅಲ್ಲವೇ ಫೋನು ಬೇಡ ಎಂದದ್ದು? ನನ್ನ ಮಾತು ನಿಮಗೆ ಕೇಳಿಸುತ್ತಿಲ್ಲ. ಗಾಬಿರ್ ಮಾಮನ ಹಾರನ್ನೂ ಕೇಳಿಸಿಲ್ಲ. ಗೆರೆ ಬೇಡ, ಅಂಕಿ ಬೇಡ ಎಂದದ್ದು ಜೀಜೋ ನಮ್ಮ ಸೀಕಾವನ್ನು ಕದಿಯುತ್ತಾನೆ ಎಂದಲ್ಲ. ಅದು ಇರಬೇಕಾದ ಕಡೆ ಇಲ್ಲ ಎಂಬುದು ಅವನಿಗೆ ಕಂಡುಬಿಡುತ್ತದೆ ಎಂದು. ನನ್ನ ಊಹೆ ತಪ್ಪಾಗಿದ್ದರೆ ಬಾಯಿಗೆ ಬಂದ ಹಾಗೆ ಬೈಯಿರಿ, ಸಂತೋಷದಿಂದ ಬೈಸಿಕೊಳ್ಳುತ್ತೇನೆ.

ನಿಮ್ಮ ಓರ್ಗಿನ ಕೆಳಗೆ ಚಾಪೆ ಹಾಸಿಕೊಂಡು ಮಲಗಿ ಬೆಳೆದವಳು ನಾನು. ನಮ್ಮ ಸೀಕಾ ಎಲ್ಲಿ ಕೂರಬೇಕು ಎಂದು ನನಗೆ ಗೊತ್ತು. ಪೆಟ್ಟಿಗೆ ಕಳಿಸಿ, ನಾನು ಕೂರಿಸಿ, ಮೆಮೊರಿ ಹಾಕಿ ಕೊಡುತ್ತೇನೆ. ಜೂನ್ ಆರಕ್ಕೆ ಇನ್ನೂ ಸಮಯವಿದೆ.

ನಿಮ್ಮ ಮಗಳು,
ರಾವಿಯಾ


ಮಹಲ್ಲಾ
ಮೇ 29

ರಾವಿಯಾ, ನನ್ನ ಕಂದಾ,

ಹೌದು.

ಈ ಎರಡಕ್ಷರ ಬರೆಯಲು ಐದು ದಿನ ಹಿಡಿಯಿತು. ಎಡಗಿವಿ ಒಂದು ಹೇಳುತ್ತದೆ, ಬಲಗಿವಿ ಇನ್ನೊಂದು ಹೇಳುತ್ತದೆ. ಎರಡರಲ್ಲಿ ಸುಳ್ಳು ಹೇಳುತ್ತಿರುವುದು ಯಾವುದು ಎಂದು ಎಷ್ಟೋ ಕಾಲದಿಂದ ಕಾಯುತ್ತಿದ್ದೇನೆ, ಇನ್ನೂ ಸಿಕ್ಕಿಬಿದ್ದಿಲ್ಲ. ಸ್ವಂತ ಕಿವಿಯನ್ನೇ ನಂಬದವನು ಗಾಬಿರ್‌ನನ್ನು ನಂಬುತ್ತಾನೆಯೇ, ಅಳಿಯನನ್ನು ನಂಬುತ್ತಾನೆಯೇ? ಊರವರನ್ನೆಲ್ಲ ಕಳ್ಳರನ್ನಾಗಿ ಮಾಡಿದೆ. ಕಿವಿ ಹೋಗುತ್ತಿದೆ ಎನ್ನುವುದಕ್ಕಿಂತ ಅದು ಸುಲಭವಾಗಿತ್ತು.

ನಿನ್ನ ಮದುವೆಯ ದಿನ ವಾದ್ಯ ಕೆಟ್ಟಿರಲಿಲ್ಲ. ಬೇರೆಯವರ ಮದುವೆಯಲ್ಲಿ ಒಂದು ಅಪಸ್ವರ ಬಿದ್ದರೆ ನಕ್ಕು ಮರೆಯುತ್ತಾರೆ. ನಿನ್ನ ಮದುವೆಯಲ್ಲಿ ಬಿದ್ದರೆ ನಾನು ತಡೆದುಕೊಳ್ಳಲಾರದೆ ಹೋಗುತ್ತಿದ್ದೆ. ಹೆದರಿ ಕೂತೆ ಮಗಳೇ. ನಿನ್ನ ಗಂಡನ ಮೇಲಿನ ಸಿಟ್ಟಲ್ಲ ಅದು.

ಮೆಮೊರಿ ಬೇಡ. ಈ ಸಲ ಅನುಮಾನದಿಂದ ಹೇಳುತ್ತಿಲ್ಲ. ಅರಫಾ ಒಂದೊಂದು ದಿನ ಒಂದೊಂದು ಕಡೆ ಜಾರುತ್ತಾನೆ, ಸೀಕಾ ಅವನ ಗಂಟಲನ್ನು ಹಿಂಬಾಲಿಸಿಕೊಂಡು ಹೋಗಬೇಕು. ಮೊದಲೇ ಬರೆದಿಟ್ಟ ಲೆಕ್ಕ ಅಲ್ಲಿ ನಡೆಯುವುದಿಲ್ಲ, ಆ ಹೊತ್ತಿನಲ್ಲಿ ಅಲ್ಲೇ ಒಂದು ಕಿವಿ ಇರಬೇಕು.

ಜೂನ್ ಆರಕ್ಕೆ ನೀನು ಬಾ. ಗಾಬಿರ್‌ಗೆ ಹೇಳಿದ್ದೇನೆ, ಕ್ಷಮೆಯನ್ನೂ ಕೇಳಿದ್ದೇನೆ. ಅವನು ಏನೋ ಅಂದ, ನನಗೆ ಕೇಳಿಸಲಿಲ್ಲ, ಆದರೆ ನಗುತ್ತಿದ್ದ. ರಮ್ಜಿಯನ್ನೂ ಕರೆದುಕೊಂಡು ಬಾ. ಸ್ಪೀಕರನ್ನು ಎಲ್ಲಿಡಬೇಕೋ ಅವನೇ ಹೇಳಲಿ, ಅವನು ಹೇಳಿದ ಕಡೆ ಇಡಿಸುತ್ತೇನೆ.

ನನ್ನ ಹಿಂದೆ ನಿನಗೊಂದು ಕುರ್ಚಿ ಹಾಕಿಸುತ್ತೇನೆ. ಪ್ರತಿ ಹಾಡಿನ ಮೊದಲು ನಾನು ಗುಂಡಿಯನ್ನು ಒಂದೊಂದೇ ಹಲ್ಲು ಇಳಿಸುತ್ತ ಬರುತ್ತೇನೆ. ಸ್ವರ ಸರಿಯಾದ ಕಡೆ ಬಂದಾಗ ನನ್ನ ಭುಜದ ಮೇಲೆ ಕೈ ಇಡು, ಅಲ್ಲಿಗೆ ನಿಲ್ಲಿಸುತ್ತೇನೆ. ನೋಡಿದವರು ಮಗಳು ಪ್ರೀತಿಯಿಂದ ಅಪ್ಪನ ಭುಜ ಮುಟ್ಟಿದಳು ಎಂದುಕೊಳ್ಳಲಿ.

ಇಟ್ಟ ಕೈಯನ್ನು ಬೇಗ ತೆಗೆಯಬೇಡ.

ನಿನ್ನ ಅಪ್ಪ